ಮತಪತ್ರಕ್ಕಿಂತ ಮೊದಲು ಫಾರಂ ಬರಲಿ

ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಗಳಿಗೆ,

ಮಾನ್ಯರೇ,

ಮನೆಯಿಂದಲೇ ಮತ ಹಾಕುವ ವ್ಯವಸ್ಥೆಯ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಅದಕ್ಕೆ ಅರ್ಜಿ ಕೊಡಬೇಕಾದ ಐದು ದಿನಗಳ ಬಗ್ಗೆ.

2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ ಈ ಅವಕಾಶವಿತ್ತು. ನಮ್ಮ ನೆರೆಮನೆಯ ಅಜ್ಜಿಯ ಜಗಲಿಗೆ ಚುನಾವಣಾ ಸಿಬ್ಬಂದಿ, ಪೊಲೀಸರು, ವಿಡಿಯೊ ತೆಗೆಯುವ ಹುಡುಗ ಎಲ್ಲರೂ ಬಂದರು. ರಟ್ಟಿನ ಮರೆ ನಿಲ್ಲಿಸಿದರು. ಅಜ್ಜಿ ಕನ್ನಡಕ ಒರೆಸಿಕೊಂಡು ಗುರುತು ಹಾಕಿ, ಮತಪತ್ರ ಮಡಿಸಿ, ಲಕೋಟೆಗೆ ಸೇರಿಸಿ ಅಂಟಿಸಿದರು. ಬಂದವರು ಮಜ್ಜಿಗೆಯನ್ನೂ ಮುಟ್ಟಲಿಲ್ಲ, ನೀತಿಸಂಹಿತೆಯ ಭಯವಿರಬೇಕು!

ಮರುವರ್ಷ ಲೋಕಸಭಾ ಚುನಾವಣೆಗೆ ಮುಂಚೆ ಕೇಂದ್ರ ಸರ್ಕಾರ ನಿಯಮ ತಿದ್ದಿ ವಯಸ್ಸನ್ನು 85ಕ್ಕೆ ಏರಿಸಿತು. ಒಂದು ವರ್ಷ ಹೆಚ್ಚು ಮುದುಕಿಯಾದ ಅಜ್ಜಿ ಆ ಸಲ ಜೀಪು ಹತ್ತಿ ಮತಗಟ್ಟೆಗೆ ಹೋಗಬೇಕಾಯಿತು. ಈ ವಯಸ್ಸಿನ ನಿಯಮ ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ವಯಸ್ಸಿನ ಮಿತಿಯೇ ಇಲ್ಲ. ಮಂಡಿ ಸವೆದು ನಡೆಯಲಾಗದ ಅಜ್ಜಿಗೆ ಅಂಗವೈಕಲ್ಯ ಪ್ರಮಾಣಪತ್ರ ಸಿಗುತ್ತಿತ್ತೋ ಏನೋ. ಚುನಾವಣಾ ಅಧಿಸೂಚನೆ ಹೊರಟ ಐದು ದಿನದೊಳಗೆ ಮನೆಯಿಂದ ಮತದಾನದ ಅರ್ಜಿಯಾದ ಫಾರಂ 12ಡಿ ಕೊಡಬೇಕು. ಅಷ್ಟರಲ್ಲಿ ವೈದ್ಯರ ಮುಂದೆ ಹೋಗಿ ಪ್ರಮಾಣಪತ್ರ ತರುವುದು ಯಾರಿಂದ ಸಾಧ್ಯ?

ಚುನಾವಣಾ ಆಯೋಗದ ಸೂಚನೆಯಂತೆ ಮತಗಟ್ಟೆ ಮಟ್ಟದ ಅಧಿಕಾರಿಯಾದ ಬಿಎಲ್‌ಒ ಫಾರಂ ಮನೆಗೇ ತಂದುಕೊಟ್ಟು ಸ್ವೀಕೃತಿ ಪಡೆಯಬೇಕು. ನಮ್ಮಲ್ಲಿ ಬಿಎಲ್‌ಒ ಎಂದರೆ ಅಂಗನವಾಡಿ ಟೀಚರ್. ಮಕ್ಕಳಿಗೆ ಊಟ ಬಡಿಸಿ, ರಿಜಿಸ್ಟರ್ ಬರೆದು, ಉಳಿದ ಹೊತ್ತಿನಲ್ಲಿ ತೋಟದೊಳಗೆ ಚದುರಿದ ಒಂಟಿಮನೆಗಳನ್ನು ಸುತ್ತಬೇಕು. ಬಹಳ ಕಾಲ ವರ್ಷಕ್ಕೆ 6,000 ರೂಪಾಯಿ ಇದ್ದ ಬಿಎಲ್‌ಒ ಗೌರವಧನ 2025ರಲ್ಲಿ 12,000 ಆಯಿತು. ಆದರೂ ತಿಂಗಳಿಗೆ ಸಾವಿರವಷ್ಟೇ. ಅವರನ್ನು ಬೈದು ಪ್ರಯೋಜನವಿಲ್ಲ.

ಮತದಾರರ ಪಟ್ಟಿಯಲ್ಲಿ ಪ್ರತಿಯೊಬ್ಬರ ವಯಸ್ಸೂ ಇದೆ, ಹಾಗಾಗಿ 85 ದಾಟಿದವರಲ್ಲಿ ಯಾರಿಗೆ ಫಾರಂ ಕೊಡಬೇಕೆಂದು ಮೊದಲೇ ತಿಳಿಯುತ್ತದೆ. 2024ರಲ್ಲಿ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ. ನಮ್ಮ ಚಿಕ್ಕಮಗಳೂರು ಕಡೆ ಮತದಾನ ನಡೆದ ಏಪ್ರಿಲ್ 26ರ ಹಂತಕ್ಕೆ ಅಧಿಸೂಚನೆ ಹೊರಟದ್ದು ಮಾರ್ಚ್ 28ಕ್ಕೆ. ನಡುವಿನ ಹನ್ನೆರಡು ದಿನದಲ್ಲಿ ಫಾರಂ ಹಂಚಿ ಮುಗಿಸಬಹುದಲ್ಲವೇ?

ಇನ್ನೊಂದು ಮಾತು. ಮನೆಯಿಂದ ಮತದಾನಕ್ಕೆ ಒಪ್ಪಿಗೆ ಸಿಕ್ಕವರು ಆಮೇಲೆ ಮತಗಟ್ಟೆಗೆ ಹೋದರೆ ಮತ ಹಾಕುವಂತಿಲ್ಲ. ಸಿಬ್ಬಂದಿ ಎರಡು ಸಲ ಬರುತ್ತಾರೆ. ಎರಡೂ ಸಲ ಮತದಾರ ಆಸ್ಪತ್ರೆಯಲ್ಲಿದ್ದರೆ ಆ ಮತ ಹೋದಂತೆಯೇ. ಫಾರಂಗೆ ಸಹಿ ಹಾಕಿಸಿಕೊಳ್ಳುವಾಗಲೇ ಇದನ್ನು ಬಾಯಿಬಿಟ್ಟು ಹೇಳಬೇಕು, ದಪ್ಪ ಅಕ್ಷರದಲ್ಲಿ ಬರೆದೂ ಕೊಡಬೇಕು.

ಮುಂದಿನ ಚುನಾವಣೆಗೆ ಮೂರು ತಿಂಗಳು ಮೊದಲೇ ಪ್ರತಿ ಹೋಬಳಿಯಲ್ಲೂ ಅಂಗವೈಕಲ್ಯ ತಪಾಸಣಾ ಶಿಬಿರ ನಡೆಯುವಂತೆ, ಘೋಷಣೆಯ ಮರುದಿನದಿಂದಲೇ 12ಡಿ ಹಂಚಿಕೆ ಶುರುವಾಗುವಂತೆ ಜಿಲ್ಲಾಧಿಕಾರಿಗಳಿಗೆ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

ಇಂತಿ,
ಕೊಪ್ಪ ತಾಲ್ಲೂಕಿನ ಒಬ್ಬ ಮತದಾರ