ಪಿರಮಿಡ್ಡಿಗೆ ಮುನ್ನ ಆವಣಿ

ಶ್ರೀನಿವಾಸಪುರದ ಸೀಮೆಯಿಂದ ಹೊರಟು ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ನೆಲಸಿದ ವಿದ್ಯಾವಂತರಿಗೆ, ಮಕ್ಕಳನ್ನು ಈಜಿಪ್ಟಿಗೆ ಕರೆದೊಯ್ದು ಪಿರಮಿಡ್ಡುಗಳನ್ನು ತೋರಿಸುವುದು ಈಗ ಅಸಾಧ್ಯವಾದುದೇನಲ್ಲ. ಇದನ್ನು ದುಂದುವೆಚ್ಚವೆಂದು ಜರೆಯುವುದು ಉಚಿತವಲ್ಲ. ಸುಮಾರು 4,500 ವರ್ಷಗಳ ಹಿಂದೆ ಖೂಫು ದೊರೆಯು ಗೀಜಾದಲ್ಲಿ ಕಟ್ಟಿಸಿದ ಮಹಾ ಪಿರಮಿಡ್ಡಿನ ಮುಂದೆ ನಿಂತ ಬಾಲಕನಿಗೆ ಮನುಷ್ಯಪ್ರಯತ್ನದ ಅಳವು ಕಣ್ಣಿಗೇ ಕಾಣುತ್ತದೆ. ಆದರೆ ಆ ಕಲ್ಲನ್ನು ತಂದವರಾರೆಂಬ ಪ್ರಶ್ನೆ ಅವನಲ್ಲಿ ಏಳದಿದ್ದರೆ ಆ ಪ್ರವಾಸವು ಬರಿಯ ಛಾಯಾಚಿತ್ರಗಳ ಸಂಗ್ರಹವಾಗಿ ಮುಗಿಯುತ್ತದೆ. ಕೆಂಪು ಸಮುದ್ರದ ತೀರದಲ್ಲಿ 2013ರಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ ಮೆರೆರ್ ಎಂಬ ಮೇಸ್ತ್ರಿಯ ದಿನಚರಿಯಿದೆ; ತೂರಾ ಎಂಬಲ್ಲಿಂದ ಸುಣ್ಣಕಲ್ಲನ್ನು ದೋಣಿಗಳಲ್ಲಿ ಸಾಗಿಸಿದ ವೃತ್ತಾಂತವನ್ನು ಆತನು ದಿನದಿನವೂ ಬರೆದಿಟ್ಟನು. ದೊರೆಯ ಪಿರಮಿಡ್ಡಿಗಿಂತ ಈ ಮೇಸ್ತ್ರಿಯ ಲೆಕ್ಕವೇ ಬಾಲಕರಿಗೆ ಹೆಚ್ಚು ಬೋಧಪ್ರದವಾದುದು.

ಅಂತಹ ಬರೆಹವನ್ನು ಇಂದು ಓದಲು ಸಾಧ್ಯವಾದುದಾದರೂ ಹೇಗೆ? ಆ ದೇಶದ ಪ್ರಾಚೀನ ಲಿಪಿಯನ್ನು ಬಲ್ಲವರು ಅಳಿದು ಶತಮಾನಗಳೇ ಕಳೆದಿದ್ದವು. 1799ರಲ್ಲಿ ರೊಸೆಟ್ಟಾ ಶಿಲೆ ದೊರೆತು, 1822ರಲ್ಲಿ ಶಾಂಪೋಲಿಯೋನನು ಅದರ ಮರ್ಮವನ್ನು ಭೇದಿಸಬೇಕಾಯಿತು. ಕನ್ನಡಕ್ಕೆ ಅಂತಹ ದುರ್ಗತಿ ಬಂದಿಲ್ಲ. ಹಾಗಿದ್ದೂ ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ, ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಸಮೂಹದ ಶಾಸನಗಳೆದುರು ನಿಂತ ಕನ್ನಡದ ಬಾಲಕನು, ಈಜಿಪ್ಟಿನ ಚಿತ್ರಲಿಪಿಯೆದುರು ನಿಂತವನಂತೆಯೇ ಕಣ್ಣರಳಿಸಿ ಮುಂದೆ ನಡೆಯುತ್ತಾನೆ. ಜೊತೆಗಿರುವ ಉಪಾಧ್ಯಾಯರದೂ ಬಹುಮಟ್ಟಿಗೆ ಅದೇ ಅವಸ್ಥೆ! ಲವಕುಶರು ಹುಟ್ಟಿದ ಬೆಟ್ಟವೆಂಬ ಐತಿಹ್ಯವನ್ನು ಹೇಳಿ, ಬುತ್ತಿ ಬಿಚ್ಚುವಲ್ಲಿಗೆ ಪ್ರವಾಸ ಮುಗಿಯಿತು.

ಅಲ್ಲಿಯ ಶಾಸನಗಳಲ್ಲಿ ಇರುವುದಾದರೂ ಏನು? ತ್ರಿಭುವನಕರ್ತದೇವನೆಂಬ ಶೈವ ಗುರುವು ನಲವತ್ತು ವರ್ಷ ಆವಣಿಯ ಸ್ಥಾನವನ್ನು ಆಳಿ, ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿ 961ರಲ್ಲಿ ದೇಹಬಿಟ್ಟ ಸಂಗತಿಯಿದೆ. ನದಿಯ ಆಸರೆ ಸಾಲದ, ಕೆರೆಯನ್ನೇ ನಂಬಿದ ಸೀಮೆಯ ಮಗುವಿಗೆ ಇದಕ್ಕಿಂತ ಹತ್ತಿರದ ಚರಿತ್ರೆ ಯಾವುದು? ರೈಸ್ ಮಹಾಶಯರು ಕೋಲಾರ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 10ನೆಯ ಸಂಪುಟವಾಗಿ 1905ರಲ್ಲಿಯೇ ಅಚ್ಚುಹಾಕಿಸಿದ್ದಾರೆ. ಪಾಠ ಸಿದ್ಧವಿದೆ, ಓದುವವರು ಬೇಕು.

ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೆಂದು ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಎತ್ತಿಹಿಡಿದರು. ವಿದ್ವಾಂಸರಲ್ಲಿ ಆ ವಾದ ಇನ್ನೂ ತೀರಿಲ್ಲ. ಪರದೇಶದ ಮರಳಿನಲ್ಲಿ ಕನ್ನಡವಿತ್ತೆಂದು ಹಿಗ್ಗುವ ಸಭೆಗಳು, ಆವಣಿಯ ಕಲ್ಲಿನಲ್ಲಿ ನಿಸ್ಸಂದೇಹವಾಗಿರುವ ಕನ್ನಡವನ್ನು ಮರೆತಿರುವುದು ವಿಚಿತ್ರವೇ ಸರಿ.

ಪರೀಕ್ಷೆಯಲ್ಲಿ ಇದಕ್ಕೆ ಅಂಕಗಳಿಲ್ಲವೆಂಬ ಆಕ್ಷೇಪವುಂಟು. ಇಲ್ಲದಿರಲಿ. ಹತ್ತನೆಯ ಶತಮಾನದ ಅಕ್ಷರಗಳಲ್ಲಿ ಹಲವು ಇಂದಿನವುಗಳ ಹಿರಿಯಣ್ಣಂದಿರಂತೆಯೇ ಇವೆ. ಬಳಕೆ ತಪ್ಪಿದ ಱ, ೞಗಳನ್ನು ಗುರುತಿಸಲು ಎಂಟನೆಯ ತರಗತಿಯವರಿಗೆ ಕೆಲವು ವಾರಗಳ ಅಭ್ಯಾಸ ಸಾಕು. ಶಾಲಾಕೊಠಡಿಯ ಬಾಗಿಲ ಮೇಲೆ ತಮ್ಮ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸುವ ದಾನಿಗಳು ಶಾಸನಪರಂಪರೆಗೆ ಸೇರಿದವರೇ. ಅವರು ಗ್ರಂಥಾಲಯಕ್ಕೆ ಆ 10ನೆಯ ಸಂಪುಟವನ್ನೂ, ಅಧ್ಯಾಪಕರೊಬ್ಬರಿಗೆ ಲಿಪಿಶಿಕ್ಷಣವನ್ನೂ ಒದಗಿಸಿಕೊಟ್ಟರೆ ಕೆಲಸ ಮೊದಲಾದಂತೆಯೇ.

ಬೇಸಗೆಯ ರಜೆಯ ಕೊನೆಗೆ ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ. ಆಗ ತೋಪು ಬಿಟ್ಟು ಯಾರೂ ಕದಲರು. ದಸರೆಯ ರಜೆಯೇ ಪ್ರಶಸ್ತ. ತಂದೆತಾಯಿಗಳು ಮಕ್ಕಳ ಕೈಗೆ ಕಾಗದ, ಸೀಸದಕಡ್ಡಿಗಳನ್ನು ಕೊಟ್ಟು ಒಂದು ದಿನವನ್ನು ಪೂರ್ತಿಯಾಗಿ ಆವಣಿಗೆ ಮೀಸಲಿಡಲಿ. ಕಲ್ಲಿಗೆ ಸೀಮೆಸುಣ್ಣ ಬಳಿಯುವುದು ಮಾತ್ರ ಬೇಡ.