ಹನುಮಂತನ ‘ಕಂಪನಿ ನಾಣ್ಯ’ ಅಸಲಿಯೇ?

ಮಕ್ಕಳೇ, ಅಜ್ಜಿಯ ಹಳೆಯ ಡಬ್ಬಿಯಲ್ಲೋ ಜಾತ್ರೆಯ ಅಂಗಡಿಯಲ್ಲೋ ಇಂಥ ತಾಮ್ರದ ಬಿಲ್ಲೆ ನೋಡಿದ್ದೀರಾ? ಒಂದು ಕಡೆ ಹನುಮಂತ ಅಥವಾ ಸೀತಾರಾಮರು. ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ‘ಈಸ್ಟ್ ಇಂಡಿಯಾ ಕಂಪನಿ, ಒಂದು ಆಣೆ, 1818’. ಕೆಲವದರಲ್ಲಿ 1616 ಎಂದೂ ಇರುತ್ತದೆ.

ಇದು ಅಸಲಿಯೇ? ಅದರ ಮೇಲಿನ ಬರಹವನ್ನೇ ವಿಚಾರಿಸೋಣ.

1616ರಲ್ಲಿ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ಜಹಾಂಗೀರ್ ಬಾದಶಹನ ಆಸ್ಥಾನದಲ್ಲಿ ವ್ಯಾಪಾರದ ಸವಲತ್ತು ಕೇಳುತ್ತಿದ್ದ. ಅಂಗಡಿ ಇಡಲು ಅಪ್ಪಣೆ ಬೇಡುವವರು ಆಣೆ ಅಚ್ಚು ಹಾಕಿಸುತ್ತಾರೆಯೇ?

ಇನ್ನು ‘ಒಂದು ಆಣೆ’. 1835ರ ಕಂಪನಿ ನಾಣ್ಯಗಳಲ್ಲಿ ತಾಮ್ರದವು ಅರ್ಧಾಣೆ, ಕಾಲಾಣೆ ಮತ್ತು ಆಣೆಯ ಹನ್ನೆರಡನೇ ಒಂದು ಪಾಲಿನ ಪುಟ್ಟ ಕಾಸು ಮಾತ್ರ. ಒಂದಾಣೆಯ ನಾಣ್ಯ ಬಂದದ್ದು 20ನೇ ಶತಮಾನದಲ್ಲಿ. ಅದು ತಾಮ್ರ ನಿಕ್ಕಲ್ ಬೆರೆತ ಬಿಳಿ ನಾಣ್ಯ, ಅಂಚು ಅಲೆಅಲೆ. ತಾತ, ಅಜ್ಜಿಯರಿಗೆ ನೆನಪಿರಬಹುದು, ಕೇಳಿ ನೋಡಿ.

ಹಾಗಾದರೆ ಈ ಬಿಲ್ಲೆಗಳು ಕಂಪನಿಯವಲ್ಲ. ಆಮೇಲೆ ಯಾರೋ ಮಾಡಿಸಿದವು. ದೇವರ ಮನೆಯಲ್ಲಿದ್ದರೆ ಇರಲಿ, ಭಕ್ತಿಗೆ ಇಸವಿ ಬೇಕಿಲ್ಲ. ಆದರೆ ‘ಇದು ಅಕ್ಕಿಕಾಳನ್ನು ಸೆಳೆಯುತ್ತದೆ, ಕೋಟಿ ಬಾಳುತ್ತದೆ’ ಎಂದು ಯಾರಾದರೂ ಬಂದರೆ ಎಚ್ಚರ! ಆ ಮಾತು ನಂಬಿ ಜೀವಮಾನದ ಉಳಿತಾಯ ಕಳೆದುಕೊಂಡವರಿದ್ದಾರೆ. ತಾಮ್ರ ಅಕ್ಕಿಯನ್ನು ಸೆಳೆಯುವುದಿಲ್ಲ; ಆಸೆ ಮನುಷ್ಯನನ್ನು ಸೆಳೆಯುತ್ತದೆ.