ರಕ್ತದ ಒತ್ತಡವೂ ಭಕ್ತರ ಕರ್ತವ್ಯವೂ



ದೇವರಲ್ಲಿ ಪೂರ್ಣ ನಂಬಿಕೆಯುಳ್ಳವಳಿಗೆ ದಿನಾಲೂ ಗುಳಿಗೆಯೇತಕ್ಕೆ ಎಂಬ ಮಾತು ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಈ ಮಾತು ಭಕ್ತಿಯ ವೇಷವನ್ನು ಧರಿಸಿದ್ದರೂ ಬಹು ಅಪಾಯಕರವಾದುದೆಂದು ನನ್ನ ಅಭಿಪ್ರಾಯವು.

ರಕ್ತದ ಒತ್ತಡವು ಸದ್ದಿಲ್ಲದೆ ಬರತಕ್ಕ ವ್ಯಾಧಿ. ಬಹುಮಂದಿಗೆ ನೋವೂ ಇಲ್ಲ, ಜ್ವರವೂ ಇಲ್ಲ. ಪರೀಕ್ಷಿಸಿದಾಗಲೆಲ್ಲಾ ಅಂಕೆಯು 140/90ನ್ನು ಮುಟ್ಟಿದರೆ ಅಥವಾ ಮೀರಿದರೆ ವೈದ್ಯರು ಅದನ್ನು ರೋಗವೆಂದೆಣಿಸುತ್ತಾರೆ. ಉಪೇಕ್ಷಿಸಿದಲ್ಲಿ ಮೆದುಳು, ಹೃದಯ, ಮೂತ್ರಪಿಂಡಗಳು ಕೆಡುವುವು. ಅಮೆರಿಕದ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟರು 1945ನೆಯ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ಮೃತರಾದರು. ಇಂದಿನಂಥ ಔಷಧಗಳು ಅವರ ವೈದ್ಯರಿಗೆ ದೊರೆತಿರಲಿಲ್ಲ. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು ನಮ್ಮ ದೇಶದ ಸರ್ಪಗಂಧದ ಬೇರಿನ ಗುಣವನ್ನು ಪಾಶ್ಚಾತ್ಯ ವೈದ್ಯರಿಗೆ ಪ್ರಕಟಪಡಿಸಿದರು. ತರುವಾಯ ಇನ್ನೂ ಉತ್ತಮವಾದ ಔಷಧಗಳು ಬಂದವು. ಬೇರಿನೊಳಗೆ ಆ ಗುಣವನ್ನಿರಿಸಿದಾತನು ಸೃಷ್ಟಿಕರ್ತನೇ ಅಲ್ಲವೇ?

ಅರಸನಾದ ಹಿಜ್ಕೀಯನು ಮರಣಾವಸ್ಥೆಯಲ್ಲಿ ಕಣ್ಣೀರಿನಿಂದ ಪ್ರಾರ್ಥಿಸಿದನು. ದೇವರು ಅವನಿಗೆ ಹದಿನೈದು ವರ್ಷಗಳ ಆಯುಸ್ಸನ್ನು ವಾಗ್ದಾನಮಾಡಿದನು. ಆದರೂ ಪ್ರವಾದಿಯಾದ ಯೆಶಾಯನು ಅವನ ಹುಣ್ಣಿಗೆ ಅಂಜೂರದ ಉಂಡೆಯನ್ನು ಕಟ್ಟಿಸಿದನು. ಪ್ರಾರ್ಥನೆಯೂ ಔಷಧವೂ ಒಂದೇ ಕೃಪೆಯ ಎರಡು ಕೈಗಳು. ಪೌಲನ ಜತೆಗಾರನಾದ ಲೂಕನು ಸುವಾರ್ತೆಯನ್ನು ಬರೆದನು. ಆತನು ವೈದ್ಯನೂ ಆಗಿದ್ದನು.

ಆದಕಾರಣ ದೇಹವು ಪವಿತ್ರಾತ್ಮನ ಆಲಯವೆಂದು ನಂಬುವವರು ಅದನ್ನು ಕಾಯತಕ್ಕದ್ದು. ದಿನಕ್ಕೆ 5 ಗ್ರಾಂ ಉಪ್ಪನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಬೋಧೆ. ಅದು ಸುಮಾರು ಒಂದು ಚಹಾಚಮಚದಷ್ಟು. ನಮ್ಮ ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳು ಈ ಮಿತಿಯನ್ನು ಬೇಗನೆ ದಾಟಿಸುತ್ತವೆ. ದಿನವೂ ನಡೆಯಿರಿ. ಎಲ್ಲರ ಶುಶ್ರೂಷೆಯಾದ ಮೇಲೆ ತನ್ನದೆನ್ನುವ ತಾಯಿಗೆ ಒಂದು ಮಾತು: ಸ್ವಾಮಿಯು ದಣಿದ ಶಿಷ್ಯರನ್ನು ದಣಿವಾರಿಸಿಕೊಳ್ಳಲು ಏಕಾಂತ ಸ್ಥಳಕ್ಕೆ ಕರೆದನು. ವಿಶ್ರಾಂತಿಯು ಸೋಮಾರಿತನವಲ್ಲ.

ಪ್ರಾರ್ಥನೆಯು ಕಳವಳವನ್ನು ತಗ್ಗಿಸಿ, ದೀರ್ಘಕಾಲದ ನಿಯಮವನ್ನು ತಾಳ್ಮೆಯಿಂದ ನಡಿಸುವ ಬಲವನ್ನು ಕೊಡುತ್ತದೆ. ಆದರೆ ಭಕ್ತರಿಗೆ ರೋಗವೇ ಬಾರದೆಂಬ ಭರವಸೆಯನ್ನು ಯಾರೂ ಕೊಡಲಾರರು. ರೋಗಿಯನ್ನು ಅಲ್ಪವಿಶ್ವಾಸಿಯೆಂದು ನಾಚಿಸುವುದು ಪ್ರೀತಿಯ ಕಾರ್ಯವಲ್ಲ. ಒತ್ತಡವು ಇಳಿಯಿತೆಂದು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುವವರೂ ಎಚ್ಚರಗೊಳ್ಳಲಿ. ಅದು ಇಳಿದದ್ದು ಬಹುಶಃ ಆ ಗುಳಿಗೆಯಿಂದಲೇ.

ಕುಟುಂಬಪ್ರಾರ್ಥನೆಯ ವೇಳೆಯನ್ನೇ ಔಷಧದ ನೆನಪಿಗೂ ಇಟ್ಟುಕೊಳ್ಳಿರಿ. ಸ್ತ್ರೀಸಮಾಜಗಳು ವರ್ಷಕ್ಕೊಮ್ಮೆಯಾದರೂ ಸಭೆಯವರೆಲ್ಲರ ಒತ್ತಡವನ್ನು ಅಳೆಯಿಸಲಿ. ಈ ಶಾಲೆಯಲ್ಲಿ ಆರೋಗ್ಯಪಾಠವನ್ನು ಕಲಿತ ಹೆಣ್ಣುಮಕ್ಕಳು ಮುಂದಾಳುಗಳಾದರೆ ಎಷ್ಟೋ ಮನೆಗಳು ಅಕಾಲದ ಶೋಕದಿಂದ ಉಳಿದಾವು.